ಕಸಿ ಮಾಡಿದ ಕೂದಲೇ ಉದುರುತ್ತಿದೆ, ಬೇರು ಹೋಯಿತೇ?

ಪ್ರಶ್ನೆ: ನನಗೆ 26 ವರ್ಷ. ಊರು ಕುಂದಾಪುರದ ಕಡೆ. ತಂದೆ ತಾಯಿಯ ಜೊತೆ ಡೊಂಬಿವಲಿಯಲ್ಲಿದ್ದೇನೆ. ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿದಿದ್ದರಿಂದ 24 ದಿನಗಳ ಹಿಂದೆ ಕೂದಲು ಕಸಿ ಮಾಡಿಸಿಕೊಂಡೆ. 2,400 ಗ್ರಾಫ್ಟ್ (ಬುಡಸಮೇತ ತೆಗೆದ ಕೂದಲಿನ ಸಣ್ಣ ತುಣುಕು) ಹಾಕಿದ್ದಾರೆ. ಎರಡು ವಾರ ಎಲ್ಲವೂ ಸರಿಯಿತ್ತು. ಈಗ ತಲೆ ತೊಳೆದಾಗಲೆಲ್ಲ ನೆಟ್ಟ ಕೂದಲು ಕೈಗೆ ಬರುತ್ತಿದೆ, ಬುಡದಲ್ಲಿ ಬಿಳಿಯ ಗುಂಡಿನಂಥದ್ದೂ ಕಾಣುತ್ತದೆ. ಕ್ಲಿನಿಕ್ಕಿಗೆ ಫೋಟೊ ಕಳಿಸಿದರೆ ‘ನಾರ್ಮಲ್’ ಎಂಬ ಒಂದೇ ಪದದ ಉತ್ತರ. ಅಮ್ಮ ತೆಂಗಿನೆಣ್ಣೆ ತಿಕ್ಕು ಎನ್ನುತ್ತಾರೆ; ಸೋದರಮಾವ ‘ನೀರಿನಲ್ಲಿ ಹೋಮ ಮಾಡಿದೆ’ ಎಂದು ಬೈಯುತ್ತಾರೆ. ಮದುವೆಗೆ ಇನ್ನು ನಾಲ್ಕು ತಿಂಗಳಿದೆ, ಹುಡುಗಿಗೆ ವಿಷಯ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕೈಗೆ ಬರುತ್ತಿರುವುದು ಬೇರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪತ್ರದ ಉಳಿದ ಚಿಂತೆಗಳೆಲ್ಲ ಈ ಒಂದು ಭಯದಿಂದಲೇ ಹುಟ್ಟಿವೆ. ಹಿಂದಲೆಯಿಂದ ತೆಗೆದು ಮುಂದೆ ನೆಡುವುದು ಕೂದಲಿನ ಎಳೆಯನ್ನಲ್ಲ, ಅದನ್ನು ಹುಟ್ಟಿಸುವ ಬುಡವನ್ನು. ರಕ್ತದ ಪೂರೈಕೆ ಕಡಿದುಹೋಗಿ, ಕೆಲವು ಗಂಟೆ ದೇಹದ ಹೊರಗಿದ್ದು, ಹೊಸ ಜಾಗದಲ್ಲಿ ಕುಳಿತ ಆ ಬುಡ ಆಘಾತದಿಂದ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಇಳಿಯುತ್ತದೆ ಮತ್ತು ಇಳಿಯುವಾಗ ಹಳೆಯ ಎಳೆಯನ್ನು ಕಳಚಿಹಾಕುತ್ತದೆ. ಸಾಮಾನ್ಯವಾಗಿ ಎರಡನೆಯ ವಾರದಿಂದ ಎಂಟನೆಯ ವಾರದೊಳಗೆ ನೆಟ್ಟ ಕೂದಲಿನ ಬಹುಪಾಲು ಹೀಗೆ ಉದುರುತ್ತದೆ.

ಬಿಳಿಯ ಗುಂಡಿನ ವಿಷಯ. ಉದುರಿದ ಒಂದು ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲಿ ನಿಮ್ಮ ತಾಯಿಯವರ ಬಾಚಣಿಗೆಗೆ ಸಿಕ್ಕ ಕೂದಲೊಂದನ್ನು ಇಟ್ಟು ನೋಡಿ. ಎರಡರ ತುದಿಯಲ್ಲೂ ರವೆಯ ಕಾಳಿಗಿಂತ ಚಿಕ್ಕದಾದ, ಒಣಗಿದ ಬಿಳಿಯ ಉಬ್ಬು ಕಾಣುತ್ತದೆ. ಆಯುಸ್ಸು ಮುಗಿದ ಯಾವ ಕೂದಲಿನ ಬುಡದಲ್ಲಾದರೂ ಅದು ಇರುವಂಥದ್ದೇ. ನಿಜವಾಗಿ ಗ್ರಾಫ್ಟ್ ಕಿತ್ತುಬಂದರೆ ಅದು ಮೊದಲ ಕೆಲವು ದಿನಗಳಲ್ಲಿ, ಹೆಚ್ಚಾಗಿ ರಕ್ತದೊಡನೆ ಬರುತ್ತದೆ. ಹತ್ತು ದಿನ ಕಳೆದ ಮೇಲೆ ಬುಡ ಚರ್ಮದೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಆ ಕ್ಲಿನಿಕ್ಕಿನವರು ಹೇಳಿದ್ದು ಸುಳ್ಳಲ್ಲ, ಆದರೆ ನಿದ್ದೆಗೆಟ್ಟ ಹುಡುಗನಿಗೆ ಒಂದು ಪದದ ಉತ್ತರ ಕಳಿಸುವುದು ಚಿಕಿತ್ಸೆಯ ರೀತಿಯಲ್ಲ. ಮುಂದಿನ ಭೇಟಿಯನ್ನು ಫೋಟೊದಲ್ಲಿ ಮುಗಿಸದೆ, ವೈದ್ಯರು ಖುದ್ದಾಗಿ ತಲೆ ನೋಡಬೇಕೆಂದು ಕೇಳಿ.

ಇನ್ನೊಂದು ಮಾತಿಗೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಎರಡನೆಯ, ಮೂರನೆಯ ತಿಂಗಳಲ್ಲಿ ನಿಮ್ಮ ತಲೆ ಶಸ್ತ್ರಚಿಕಿತ್ಸೆಗೆ ಮುಂಚಿಗಿಂತಲೂ ತೆಳುವಾಗಿ ಕಾಣಬಹುದು, ಏಕೆಂದರೆ ಅಕ್ಕಪಕ್ಕದ ಹಳೆಯ ಕೂದಲೂ ಅದೇ ಆಘಾತಕ್ಕೆ ಸ್ವಲ್ಪ ಉದುರುತ್ತದೆ. ಅದು ಬಹುಮಟ್ಟಿಗೆ ಮರಳಿ ಬರುತ್ತದೆ. ನನ್ನ ಬಳಿ ಅಳುತ್ತಾ ಬರುವ ಹುಡುಗರಲ್ಲಿ ಹೆಚ್ಚಿನವರು ಬರುವುದು ಈ ಹೊತ್ತಿನಲ್ಲಿಯೇ. ಮೂರು ನಾಲ್ಕನೆಯ ತಿಂಗಳಲ್ಲಿ ಹೊಸ ಕೂದಲು ಮೊಳೆಯತೊಡಗುತ್ತದೆ. ಮೊದಲಿಗೆ ನವಿರಾಗಿ, ಕೆಲವೆಡೆ ಗುಂಗುರಾಗಿ ಬರುತ್ತದೆ. ಅಲ್ಲಲ್ಲಿ ಸಣ್ಣ ಗುಳ್ಳೆಗಳೂ ಏಳಬಹುದು, ಅವನ್ನು ಚಿವುಟಬಾರದು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ. ಆರನೆಯ ತಿಂಗಳಿಗೆ ಅರ್ಧದಷ್ಟು ಫಲ ಕಂಡರೆ, ಪೂರ್ತಿ ಕಾಣಲು ಒಂದು ವರ್ಷ ಬೇಕು. ನೆತ್ತಿಯ ಸುಳಿಯ ಭಾಗಕ್ಕೆ ಅದಕ್ಕಿಂತಲೂ ಹೆಚ್ಚು.

ಈ ಲೆಕ್ಕದಲ್ಲಿ ಮುಹೂರ್ತದ ದಿನ ನಿಮ್ಮ ಹಣೆಯ ಮೇಲೆ ಒಂದೆರಡು ಸೆಂಟಿಮೀಟರಿನ, ಇನ್ನೂ ದಟ್ಟವಾಗದ ಕೂದಲಿರುತ್ತದೆ. ಅದನ್ನು ಬೇಗ ಬೆಳೆಸುವ ಎಣ್ಣೆಯಾಗಲಿ ಮಾತ್ರೆಯಾಗಲಿ ಇಲ್ಲ. ಇದೆ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಇಡೀ ತಲೆಯ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಮತ್ತು ಪೇಟ ಧರಿಸಲು ಆ ವೇಳೆಗೆ ಯಾವ ಅಡ್ಡಿಯೂ ಇರುವುದಿಲ್ಲ. ಆದರೂ ಹುಡುಗಿಗೆ ಈಗಲೇ ಹೇಳಿಬಿಡಿ ಎಂಬುದೇ ನನ್ನ ಸಲಹೆ. ನೀವು ಕೇಳದೆ ಇದ್ದ ಒಂದು ಕಾರಣವೂ ಅದಕ್ಕಿದೆ.

ಕಸಿ ಮಾಡಿದ ಕೂದಲು ಉಳಿಯುತ್ತದೆ, ಏಕೆಂದರೆ ಹಿಂದಲೆಯ ಬುಡಗಳು ಗಂಡಸರ ಬೋಳುತನಕ್ಕೆ ಕಾರಣವಾದ ಹಾರ್ಮೋನಿಗೆ ಸುಲಭವಾಗಿ ಮಣಿಯುವುದಿಲ್ಲ ಮತ್ತು ಜಾಗ ಬದಲಾದರೂ ಆ ಗುಣವನ್ನು ಬಿಡುವುದಿಲ್ಲ. ಆದರೆ ಅದರ ಹಿಂದಿನ ನಿಮ್ಮ ಸ್ವಂತ ಕೂದಲು 26ರ ಈ ವಯಸ್ಸಿನಲ್ಲಿ ಇನ್ನೂ ಹಿಂದೆ ಸರಿಯುತ್ತಲೇ ಇರುತ್ತದೆ. ಅದನ್ನು ತಡೆಯದಿದ್ದರೆ ಕೆಲವು ವರ್ಷಗಳಲ್ಲಿ ಮುಂದೆ ಕಸಿಯ ಕೂದಲು, ನಡುವೆ ಖಾಲಿ ಜಾಗ ಎಂಬಂತಾಗುತ್ತದೆ. ಹಿಂದಲೆಯಿಂದ ಮತ್ತೆ ಮತ್ತೆ ತೆಗೆಯುವಷ್ಟು ದಾಸ್ತಾನು ಯಾರಲ್ಲೂ ಇರುವುದಿಲ್ಲ. ಹಾಗಾಗಿ ವೈದ್ಯರು ಮಿನಾಕ್ಸಿಡಿಲ್ ದ್ರಾವಣವನ್ನು, ಹಲವರಿಗೆ ದಿನಕ್ಕೆ 1 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆಯನ್ನು ಬರೆಯುತ್ತಾರೆ. ಈ ಮಾತ್ರೆಯಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗಬಹುದು, ಮನಸ್ಸು ಕುಂದಬಹುದು. ಗರ್ಭಿಣಿಯರು ಅಥವಾ ಗರ್ಭ ಧರಿಸಬಹುದಾದವರು ಇದರ ಒಡೆದ, ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು. ಹೊಟ್ಟೆಯಲ್ಲಿರುವ ಗಂಡು ಶಿಶುವಿಗೆ ಅದರಿಂದ ಅಪಾಯವಿದೆ. ಮದುವೆಯಾದ ಮೇಲೆ ಒಂದೇ ಕಪಾಟಿನಲ್ಲಿ ಇರಬೇಕಾದ ಔಷಧಿಯನ್ನು ಬಚ್ಚಿಟ್ಟುಕೊಂಡು ಸಂಸಾರ ಹೂಡಬೇಡಿ.

ತಾಯಿಯವರ ತೆಂಗಿನೆಣ್ಣೆಯಲ್ಲಿ ಪ್ರೀತಿಯಿದೆ, ಆದರೆ ಇದು ಅದರ ಹೊತ್ತಲ್ಲ. ಒಂದು ತಿಂಗಳು ತುಂಬಿ, ಹಕ್ಕಳೆ ಪೂರ್ತಿ ಉದುರಿ, ಚರ್ಮ ಮಾಗಿದೆ ಎಂದು ವೈದ್ಯರು ನೋಡಿ ಹೇಳಿದ ನಂತರ ಹಗುರವಾಗಿ ಹಚ್ಚಿಕೊಳ್ಳಬಹುದು. ಜ್ವರ, ಕೀವು, ದಿನದಿಂದ ದಿನಕ್ಕೆ ಹೆಚ್ಚುವ ನೋವು ಅಥವಾ ಚರ್ಮ ಕಪ್ಪಗಾಗುವುದು ಕಂಡರೆ ಮಾತ್ರ ತಡಮಾಡದೆ ಅಂದೇ ಹೋಗಬೇಕು.

ಪ್ರಶ್ನೆ: ಪುಣೆಯಲ್ಲಿದ್ದೇನೆ, ವಯಸ್ಸು 28. ಮುಂದಿನ ತಿಂಗಳು ಕೂದಲು ಕಸಿ ಮಾಡಿಸಿಕೊಳ್ಳಲಿದ್ದೇನೆ. ಕೋಥ್ರೂಡ್‌ನಿಂದ ಹಿಂಜವಡಿಯ ಆಫೀಸಿಗೆ ದಿನವೂ ಸ್ಕೂಟರಿನಲ್ಲಿ ಹೋಗುತ್ತೇನೆ. ಎಷ್ಟು ದಿನ ರಜೆ ಹಾಕಬೇಕು? ಹೆಲ್ಮೆಟ್ ಹಾಕಬಹುದೇ?

ಉತ್ತರ: ಹತ್ತು ದಿನ ಇಟ್ಟುಕೊಳ್ಳಿ. ಮನೆಯಿಂದಲೇ ಕೆಲಸ ಮಾಡಬಹುದಾದರೆ ಮೂರು ನಾಲ್ಕು ದಿನದ ರಜೆಯೂ ಸಾಕು. ಹೆಲ್ಮೆಟ್ ಹಾಕುವಾಗ ಮತ್ತು ತೆಗೆಯುವಾಗ ಅದರ ಅಂಚು ಸವರುವುದು ಹೊಸದಾಗಿ ನೆಟ್ಟ ಹಣೆಯ ಸಾಲನ್ನೇ. ಹಾಗೆಂದು ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸುವ ಮಾತೂ ಇಲ್ಲ. ಎರಡು ವಾರ ಸ್ಕೂಟರನ್ನೇ ಬಿಟ್ಟು ಕ್ಯಾಬಿನಲ್ಲಿ ಹೋಗಿ. ನಿಂತು ಹೋಗುವ ಬಸ್ಸಿನ ನೂಕುನುಗ್ಗಲೂ ಬೇಡ, ಒಬ್ಬರ ಮೊಣಕೈ ತಗುಲಿದರೆ ಸಾಕು.

ಮೊದಲ ವಾರ ತಲೆಯನ್ನು ಎತ್ತರಿಸಿ, ಪ್ರಯಾಣದಲ್ಲಿ ಬಳಸುವ ಕುತ್ತಿಗೆ ದಿಂಬನ್ನು ಇಟ್ಟುಕೊಂಡು, ಅಂಗಾತ ಮಲಗಬೇಕು. ಎರಡನೆಯ ದಿನದಿಂದ ಹಣೆಯ ಊತ ಕೆಳಗಿಳಿದು ಕಣ್ಣಿನ ರೆಪ್ಪೆಗೆ ಬರಬಹುದು, ಐದಾರು ದಿನದಲ್ಲಿ ತಾನಾಗಿ ಹೋಗುತ್ತದೆ. ಮುಂದೆ ಗುಂಡಿಯಿರುವ ಅಂಗಿ ತೊಡಿ. ವೈದ್ಯರು ತಲೆ ತೊಳೆಯಲು ಹೇಳಿದ ದಿನದಿಂದ ಶವರ್ ಬೇಡ, ಚೊಂಬಿನಿಂದ ಮೆಲ್ಲನೆ ನೀರು ಹರಿಸಿ. ಹಕ್ಕಳೆಗಳು ನೆನೆದು ಹತ್ತು ಹದಿನಾಲ್ಕು ದಿನದೊಳಗೆ ತಾವಾಗಿ ಬಿಡುತ್ತವೆ, ಉಗುರು ತಾಗಿಸಬಾರದು. ಸಿಗರೇಟು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಅದನ್ನು ಈಗಲೇ ಬಿಡಿ.

ಮುಂಗಡ ಕಟ್ಟುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ. ಈ ಶಸ್ತ್ರಚಿಕಿತ್ಸೆಯನ್ನು ಸೂಕ್ತ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಜಾಹೀರಾತಿನಲ್ಲಿರುವ ವೈದ್ಯರು ಆ ದಿನ ಎಷ್ಟು ಹೊತ್ತು ಕೋಣೆಯಲ್ಲಿರುತ್ತಾರೆ, ರಂಧ್ರ ಮಾಡುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ನೇರವಾಗಿ ಬರದಿದ್ದರೆ ಬೇರೆ ಕಡೆ ಹೋಗಿ.

ಪ್ರಶ್ನೆ: ಗೋವಾದ ವಾಸ್ಕೊದಲ್ಲಿದ್ದೇನೆ. ಕಸಿಯಾಗಿ ಮೂರು ವಾರವಾಯಿತು. ಸಮುದ್ರಕ್ಕೆ ಇಳಿಯಬಹುದೇ? ಜಿಮ್?

ಉತ್ತರ: ಸಮುದ್ರಕ್ಕೂ ಈಜುಕೊಳಕ್ಕೂ ಒಂದು ತಿಂಗಳು ತುಂಬಲಿ. ಭಾರ ಎತ್ತುವುದನ್ನು ನಾಲ್ಕನೆಯ ವಾರದ ನಂತರ ನಿಧಾನವಾಗಿ ಆರಂಭಿಸಿ. ನಡಿಗೆಗೆ ಈಗಲೂ ತೊಂದರೆಯಿಲ್ಲ. ಸಮುದ್ರಕ್ಕಿಂತ ಅಲ್ಲಿಯ ಮಧ್ಯಾಹ್ನದ ಬಿಸಿಲೇ ಹೆಚ್ಚು ಕೆಡುಕು ಮಾಡುತ್ತದೆ. ಮೂರು ತಿಂಗಳವರೆಗೆ ಸಡಿಲವಾದ ಹತ್ತಿಯ ಟೋಪಿಯಿಲ್ಲದೆ ಬಿಸಿಲಿಗೆ ಹೋಗಬೇಡಿ.