ದಾವಣಗೆರೆಯಿಂದ ನಾಲ್ಕು ಜನ, 20 ಸಾವಿರದೊಳಗೆ ಊಟ-ತಿಂಡಿ ಎಲ್ಲಾ ಸೇರಿರೋ ಬೀಚ್ ರೆಸಾರ್ಟಲ್ಲಿ ಎರಡು ರಾತ್ರಿ ಇರೋಕಾಗುತ್ತಾ?

ಆಗುತ್ತೆ, ನಾವು ಇದ್ದು ಬಂದಿದೀವಿ. ನೀವು ಗಂಡ ಹೆಂಡತಿ ಮಗು ಜೊತೆಗೆ ವಯಸ್ಸಾದ ಅತ್ತೆ ಅಂತ ಬರ್ದಿದೀರಿ, ಇಷ್ಟು ದುಡ್ಡಿಗೆ ಆಲ್ ಇನ್‌ಕ್ಲೂಸಿವ್ ಅಂದ್ರೆ ಅದರಲ್ಲೇನೋ ಮೋಸ ಇರುತ್ತಾ ಅಂತಾನೂ ಕೇಳಿದೀರಿ. ನಮ್ಮ ಮನೇನೂ ಹಂಗೇ, ನಾನು, ನನ್ನ ಹೆಂಡ್ತಿ, ಏಳು ವರ್ಷದ ಮಗಳು, ನಮ್ಮವ್ವ. ಎಪಿಎಂಸಿಲಿ ದಲ್ಲಾಳಿ ಅಂಗಡೀಲಿ ಲೆಕ್ಕ ಬರೆಯೋನು ನಾನು, ಹಾಗಾಗಿ ಹೊರಡೋಕೆ ಮುಂಚೆ ಪೈಸೆ ಪೈಸೆ ಕೂಡಿ ನೋಡ್ತೀನಿ.

ಮೊದಲನೇ ಸಲ ಹೋದಾಗ ನಾನೇ ತಪ್ಪು ಮಾಡಿದ್ದೆ. ಮೇ ತಿಂಗಳ ರಜೇಲಿ ಬಾಡಿಗೆ ಕಮ್ಮಿ ಇದೆ ಅಂತ ಬರೀ ರೂಮ್ ಬುಕ್ ಮಾಡಿದೆ, ಊಟ ಹೊರಗೆ ಮಾಡಿದ್ರಾಯ್ತು ಅಂದ್ಕೊಂಡಿದ್ದೆ, ಅಲ್ಲಿ ನೋಡಿದ್ರೆ ಸುತ್ತ ನಾಲ್ಕು ಕಿಲೋಮೀಟರ್ ಒಂದು ಖಾನಾವಳಿ ಇಲ್ಲ, ಇರೋದು ಅವರದ್ದೇ ರೆಸ್ಟೋರೆಂಟು, ಒಂದು ಟೀಗೆ 80 ರೂಪಾಯಿ. ಮೆನು ಕಾರ್ಡಲ್ಲಿ ರೇಟ್ ನೋಡಿದ್ದೇ ಅವ್ವ ನಂಗೆ ಹಸಿವಿಲ್ಲಪ್ಪ ಅಂದು ಬರೀ ಮಜ್ಜಿಗೆ ಕುಡಿದು ಎದ್ಲು. ರಾತ್ರಿ ಲೈಟ್ ಆರಿಸಿದ ಮೇಲೆ ಕವರ್ ಸರಸರ ಅನ್ನೋ ಸದ್ದು, ಏನಂತ ನೋಡಿದ್ರೆ ಊರಿಂದ ತಂದಿದ್ದ ಮಂಡಕ್ಕೀನ ಕತ್ತಲಲ್ಲೇ ಕೂತು ತಿಂತಾ ಇದ್ಲು. ನಂಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟಾಗಿ ಹೊರಡೋವಾಗ ಊಟದ ಬಿಲ್ಲು ರೂಮಿನ ಬಾಡಿಗೆಗಿಂತ ಜಾಸ್ತಿ ಆಗಿತ್ತು.

ಅದಕ್ಕೇ ಹೇಳೋದು, ಮನೇಲಿ ಹಿರಿಯರು ಇದ್ರೆ ಊಟ ಸೇರಿರೋ ಪ್ಯಾಕೇಜೇ ತಗೊಳ್ಳಿ. ಆದ್ರೆ ಆಲ್ ಇನ್‌ಕ್ಲೂಸಿವ್ ಅನ್ನೋ ಪದ ನಂಬ್ಕೊಂಡು ಕೂರಬೇಡಿ. ಹೊರದೇಶದಲ್ಲಿ, ಮಾಲ್ಡೀವ್ಸ್ ಮೆಕ್ಸಿಕೋ ಕಡೆ, ಹಂಗಂದ್ರೆ ಸಾಮಾನ್ಯವಾಗಿ ಕುಡಿಯೋದೂ ಸೇರಿರುತ್ತೆ, ನಮ್ಮ ಕರಾವಳೀಲಿ ಹೆಚ್ಚಾಗಿ ಅದರರ್ಥ ಮೂರು ಹೊತ್ತಿನ ಊಟ-ತಿಂಡಿ ಅಷ್ಟೇ. ಫೋನಲ್ಲಿ ಎಪಿ ನಾ ಎಂಎಪಿ ನಾ ಅಂತ ಕೇಳಿ. ಎಪಿ ಅಂದ್ರೆ ಮೂರೂ ಹೊತ್ತು, ಎಂಎಪಿ ಅಂದ್ರೆ ತಿಂಡಿ ಮತ್ತೆ ಒಂದು ಊಟ, ಸಿಪಿ ಅಂದ್ರೆ ಬೆಳಗ್ಗೆ ತಿಂಡಿ ಮಾತ್ರ, ಇಪಿ ಅಂದ್ರೆ ಬರೀ ರೂಮು, ನಾನು ಮೊದಲನೇ ಸಲ ಬುಕ್ ಮಾಡಿದ್ದು ಇದೇ ಇಪಿ. ಸಂಜೆ ಟೀ, ಕುಡಿಯೋ ನೀರು, ಮಗೂಗೆ ರಾತ್ರಿ ಹಾಲು, ಇವು ಸೇರಿದಾವಾ ಅಂತ ಬಿಡಿಬಿಡಿಯಾಗಿ ಕೇಳಿ, ಅವರು ಹೇಳಿದ್ದನ್ನ ವಾಟ್ಸಾಪಲ್ಲಿ ಬರೆದು ಕಳಿಸೋಕೆ ಹೇಳಿ. ನಾವು ಯಾರೂ ಕುಡಿಯಲ್ಲ, ಮಾಂಸ ತಿನ್ನಲ್ಲ ಅಂತ ಮೊದಲೇ ಹೇಳಿದ್ದಕ್ಕೆ ನಮಗೆ ತಲೆಗಿಷ್ಟು ಅಂತ ರೇಟ್ ಇಳಿಸಿದ್ರು, ಕೇಳದೇ ಇದ್ದಿದ್ರೆ ಇಳಿಸ್ತಿರಲಿಲ್ಲ.

ಈ ಸಲ ನಾವು ಹೋಗಿದ್ದು 2026ರ ಜನವರಿ 18, ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ, ಹೊನ್ನಾವರದ ಕಡೆ. ಮೆಕ್ಕೆಜೋಳದ ಆವಕ ತಗ್ಗಿರುತ್ತೆ, ನಂಗೆ ರಜೆ ಸಿಗುತ್ತೆ. ಮುಂದಿನ ವಾರ 26 ಸೋಮವಾರ ಬಿದ್ದಿತ್ತು, ಶನಿವಾರದಿಂದ ಮೂರು ದಿನ ರಜೆ ಅಂತ ಅದೇ ರೂಮಿಗೆ ಹೆಚ್ಚೂಕಮ್ಮಿ ಎರಡರಷ್ಟು ಹೇಳಿದ್ರು. ಶುಕ್ರವಾರ ಶನಿವಾರ ರಾತ್ರಿ ಬಿಟ್ಟು ಭಾನುವಾರ ಹೋಗಿ ಮಂಗಳವಾರ ಬನ್ನಿ, ಮಗೂಗೆ ಎರಡು ದಿನ ಸ್ಕೂಲ್ ತಪ್ಪಿದ್ರೆ ಏನಾಗಲ್ಲ.

ಲೆಕ್ಕ ಹೇಳ್ತೀನಿ. ಇಬ್ಬರಿಗೆ ಎಪಿ ಸೇರಿ ರೂಮು 5,000, ಅವ್ವನಿಗೆ ಎಕ್ಸ್‌ಟ್ರಾ ಬೆಡ್ಡು ಊಟ 1,400, ಮಗಳಿಗೆ ಬೆಡ್ ಇಲ್ಲದೆ 700, ದಿನಕ್ಕೆ 7,100. ಎರಡು ರಾತ್ರಿಗೆ 14,200, ಜಿಎಸ್‌ಟಿ 710, ಒಟ್ಟು 14,910. ಇಲ್ಲಿ ಒಂದು ವಿಷಯ ಗಮನಿಸಿ, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಅದನ್ನ ದಾಟಿತೋ 18 ಪರ್ಸೆಂಟು. 7,500ಕ್ಕೆ 375 ರೂಪಾಯಿ ತೆರಿಗೆ, 7,600ಕ್ಕೆ 1,368. ಬರೀ ನೂರು ರೂಪಾಯಿ ಹೆಚ್ಚಾಗಿದ್ದಕ್ಕೆ ಸಾವಿರ ರೂಪಾಯಿ ಹೋಗುತ್ತೆ! ಸಮುದ್ರ ಕಾಣೋ ರೂಮ್ ಬಿಟ್ಟು ತೋಟದ ಕಡೆ ರೂಮ್ ತಗೊಂಡ್ರೆ ಈ ಗೆರೆಯೊಳಗೇ ಉಳೀಬಹುದು, ಸಮುದ್ರ ಹೆಂಗೂ ನೂರು ಹೆಜ್ಜೇಲಿರುತ್ತೆ.

ದಾರಿ ಹೊನ್ನಾಳಿ, ಶಿವಮೊಗ್ಗ, ಸಾಗರ, ಗೇರುಸೊಪ್ಪ ಘಾಟಿ, ಸುಮಾರು ಇನ್ನೂರೈವತ್ತು ಕಿಲೋಮೀಟರ್. ತಮ್ಮನ ಕಾರು, ಹೋಗಿಬರೋಕೆ ಪೆಟ್ರೋಲ್ 3,200. ಬೆಳಗ್ಗೆ ಐದಕ್ಕೆ ಬಿಟ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರ್ತೀರಿ, ಅದೇ ಮುಖ್ಯ, ಸಂಜೆ ಮುಟ್ಟಿದ್ರೆ ಕೊಟ್ಟ ದುಡ್ಡಲ್ಲಿ ಒಂದು ಊಟ ಹೋಯ್ತು. ಮಗೂಗೆ ಘಾಟಿಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ತಿರುವು ಜಾಸ್ತಿ. ಅಲ್ಲಿಗೆ ಹೋದ್ಮೇಲೆ ಊರೂರು ಸುತ್ತಬೇಡಿ, ಸುತ್ತೋ ಪ್ಲಾನ್ ಇದ್ರೆ ಎಂಎಪಿ ಸಾಕು. ನಾವು ಮುರ್ಡೇಶ್ವರದ 123 ಅಡಿ ಶಿವನ್ನ ನೋಡಿದ್ದು ವಾಪಸ್ ಬರೋ ದಿನ, ರೂಮ್ ಖಾಲಿ ಮಾಡಿದ ಮೇಲೆ. ಕಾಸರಕೋಡು ಬೀಚಿಗೆ ಮಾತ್ರ ಒಂದು ಸಂಜೆ ಹೋಗಿದ್ವಿ, ಕ್ಲೀನಾಗಿರೋ ಬೀಚುಗಳಿಗೆ ಕೊಡೋ ಬ್ಲೂ ಫ್ಲ್ಯಾಗ್ ಅನ್ನೋ ಮಾನ್ಯತೆ ಸಿಕ್ಕಿರೋದು ಅದು, ಕ್ಲೀನಾಗಿದೆ. ದಾರಿ ಖರ್ಚು ಎಲ್ಲಾ ಸೇರಿ 19,400 ಆಯ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಅಗ್ಗಕ್ಕೆ ಸಿಗುತ್ತೆ, ಆದ್ರೆ ದಯವಿಟ್ಟು ಮಗು ಕರ್ಕೊಂಡು ಆಗ ಹೋಗಬೇಡಿ. ಮಳೆಗಾಲದ ಸಮುದ್ರ ನಮ್ಮ ಬಯಲುಸೀಮೆಯವರಿಗೆ ಅರ್ಥ ಆಗಲ್ಲ, ಮೊಣಕಾಲುದ್ದ ನೀರಲ್ಲಿ ನಿಂತೋರನ್ನೂ ಎಳ್ಕೊಂಡು ಹೋಗುತ್ತೆ.

ವಾರದ ಮಧ್ಯ ಜನ ಕಮ್ಮಿ ಇರೋದ್ರಿಂದ ಬಫೆ ಇರಲಿಲ್ಲ, ಅಡುಗೆಯವರೇ ಬಂದು ಏನು ಮಾಡ್ಲಿ ಅಂತ ಕೇಳೋರು. ಮೊದಲನೇ ಊಟಕ್ಕೆ ಅವ್ವ ಪ್ರತಿಯೊಂದಕ್ಕೂ ನನ್ನ ಕಿವೀಲಿ ಇದಕ್ಕೆ ಎಷ್ಟಂತೆ ಅಂತ ಕೇಳಿದ್ಲು, ಎಲ್ಲಾ ಕಟ್ಟಿ ಆಗಿದೆ ಅವ್ವ, ತಿಂದ್ರೂ ಅಷ್ಟೇ ಬಿಟ್ರೂ ಅಷ್ಟೇ ಅಂದೆ. ಮಾರನೇ ದಿನ ಬೆಳಗ್ಗೆ ನೀರುದೋಸೆ ತಟ್ಟೆಗೆ ಬಿತ್ತು, ಎತ್ತಿ ಬೆಳಕಿಗೆ ಹಿಡಿದು ನೋಡಿ, ಇದ್ಯಾತರ ದ್ವಾಸಿಯಪ್ಪ, ಬೆಣ್ಣೀನೇ ಇಲ್ಲ ಅಂದ್ಲು, ಅಂದೋಳು ಐದು ತಿಂದ್ಲು, ಆಮೇಲೆ ಒಳಗೆ ಹೋಗಿ ಅಕ್ಕಿ ಎಷ್ಟೊತ್ತು ನೆನೆ ಹಾಕ್ತೀರಿ ಅಂತ ಅಡುಗೆಯಮ್ಮನ್ನ ಕೇಳ್ಕೊಂಡೂ ಬಂದ್ಲು. ನನ್ನ ಹೆಂಡ್ತಿ ಎರಡು ದಿನ ಒಂದು ಲೋಟ ತೊಳೀಲಿಲ್ಲ. ಮಂಡಕ್ಕಿ ಈ ಸಲಾನೂ ತಂದಿದ್ಲು ಅವ್ವ, ಕವರಿನ ಗಂಟು ಬಿಚ್ಚದೇ ಹಂಗೇ ವಾಪಸ್ ಹೊರಟಿತ್ತು, ಸಾಗರ ದಾಟಿದ ಮೇಲೆ ಕಾರಲ್ಲಿ ಮಗಳು ಬಿಚ್ಚಿದ್ಲು.