ಕೇಳಿ, ಹೇಳ್ತೀನಿ: ಅತ್ತೆಯವರ ಅನುಮಾನ, ಮಗನ ಮ್ಯಾಂಡೋಲಿನ್

ಪ್ರಶ್ನೆ: ನನ್ನ ಮಗ ಕಾಲೇಜು ಬ್ಯಾಂಡಿಗೆ ಅಂತ ಮೂರು ವಾರದಿಂದ ಒಂದೇ ಹಾಡು ಅಭ್ಯಾಸ ಮಾಡುತ್ತಿದ್ದಾನೆ. ಆರ್.ಇ.ಎಂ. ಎನ್ನುವ ಅಮೆರಿಕದ ಬ್ಯಾಂಡಿನ ‘ಲೂಸಿಂಗ್ ಮೈ ರಿಲಿಜನ್’. ಹೆಸರಿನ ಅರ್ಥ ತಿಳಿದ ನಮ್ಮ ಅತ್ತೆಯವರು, ‘ಧರ್ಮ ಬಿಟ್ಟೆ ಅಂತ ದೇವರಮನೆ ಪಕ್ಕ ಕೂತು ಹಾಡ್ಬೇಡ’ ಅಂದಿದ್ದಾರೆ. ಅದು ನಿಜವಾಗಿ ಧರ್ಮ ಬಿಡುವ ಹಾಡಾ?
– ಓದುಗರು, ಚಾಮರಾಜಪೇಟೆ

ಉತ್ತರ: ಅಲ್ಲ. ಅತ್ತೆಯವರಿಗೆ ಧೈರ್ಯವಾಗಿ ಹೇಳಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅದೊಂದು ಆಡುಮಾತು. ತಾಳ್ಮೆ ಪೂರ್ತಿ ಮುಗಿದು, ‘ಇನ್ನು ನನ್ನ ಕೈಲಾಗಲ್ಲ’ ಅನ್ನಿಸಿದಾಗ ಅಲ್ಲಿನವರು ಹಾಗನ್ನುತ್ತಾರೆ. ನಾವು ‘ಹೊಟ್ಟೆ ಉರೀತು’ ಅಂದರೆ ಹೊಟ್ಟೆಯೊಳಗೆ ಬೆಂಕಿ ಇದೆ ಅಂತಲ್ಲ, ಅಲ್ವಾ? ಇದೂ ಹಾಗೇ. ಬ್ಯಾಂಡ್ ಶುರುವಾಗಿದ್ದು 1980ರಲ್ಲಿ, ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ. ಈ ಮಾತು ಅವರ ಬೀದಿಯದೇ.

ಸಾಹಿತ್ಯ ಬರೆದು ಹಾಡಿದ ಮೈಕಲ್ ಸ್ಟೈಪ್, ಇದು ಒಮ್ಮುಖ ಪ್ರೀತಿಯ ಹಾಡು ಎಂದು ಹೇಳಿದ್ದಾರೆ. ಇಷ್ಟಪಟ್ಟವರ ಎದುರು ಒಂದು ಮಾತು ಜಾಸ್ತಿ ಆಡಿಬಿಟ್ಟೆನಾ, ಇಲ್ಲಾ ಆಡಬೇಕಾದ್ದನ್ನೇ ಆಡಲಿಲ್ವಾ ಎಂದು ಒದ್ದಾಡುವವನ ಹಾಡು. ಇದರಲ್ಲಿ ಒಂದು ಪದದ ಕಥೆ ನನಗೆ ತುಂಬಾ ಇಷ್ಟ. ಸ್ಟೈಪ್ ಮೊದಲು ‘ಅಡುಗೆಮನೆಯಲ್ಲಿ ಇರೋದು ನಾನು’ ಎನ್ನುವ ಅರ್ಥದ ಸಾಲು ಬರೆದಿದ್ದರು. ಆಮೇಲೆ ಅಡುಗೆಮನೆ ತೆಗೆದು ‘ಮೂಲೆ’ ಹಾಕಿದರು. ಅಷ್ಟೇ ಬದಲಾವಣೆ. ಆದರೆ ಮನುಷ್ಯ ಕಣ್ಣಿಗೆ ಕಟ್ಟಿದ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಕಂಬಕ್ಕೆ ಒರಗಿ ನಿಂತಿರುತ್ತಾನಲ್ಲ ಒಬ್ಬ ಹುಡುಗ, ಊಟಕ್ಕೆ ಕರೆದರೂ ‘ಆಮೇಲೆ ಬರ್ತೀನಿ’ ಅಂತ ಒಂದೇ ಕಡೆ ನೋಡುತ್ತಾ? ಅವನೇ ಇವನು. ನಿಮ್ಮ ಅತ್ತೆಯವರಿಗೆ ಆ ಹುಡುಗನನ್ನು ನೆನಪಿಸಿ. ಹಾಡು ಅರ್ಥವಾಗುತ್ತದೆ.

ಪ್ರಶ್ನೆ: ಗಿಟಾರ್ ಬಿಟ್ಟು ಈ ರಾಕ್ ಹಾಡಿಗೆ ಮ್ಯಾಂಡೋಲಿನ್ ಹೇಗೆ ಬಂತು?
– ಓದುಗರು, ರಾಜಾಜಿನಗರ

ಉತ್ತರ: ಕಲಿಯುವಾಗ ಬಂತು! ಗಿಟಾರ್ ನುಡಿಸುವ ಪೀಟರ್ ಬಕ್ ಹೊಸದಾಗಿ ಒಂದು ಮ್ಯಾಂಡೋಲಿನ್ ಕೊಂಡಿದ್ದರು. ಟಿವಿ ನೋಡುತ್ತಾ, ಟೇಪ್ ಹಾಕಿಕೊಂಡು ಸುಮ್ನೆ ಬೆರಳಾಡಿಸುತ್ತಿದ್ದರು. ಮಾರನೇ ದಿನ ಟೇಪ್ ಕೇಳಿದರೆ, ಹೊಸಬನ ತಡವರಿಕೆಯ ನಡುವೆ ಈ ಹಾಡಿನ ಮೂಲ ರೂಪ ಕುಳಿತಿತ್ತು. ಹೊಸ ವಾದ್ಯ ಹಿಡಿದಾಗ ಬೆರಳಿಗೆ ಹಳೆಯ ದಾರಿ ಸಿಗುವುದಿಲ್ಲ. ಅದರಿಂದಲೇ ಇಂಥದ್ದು ಹುಟ್ಟುತ್ತದೆ ಅಂತ ನಾನು ನಂಬಿದ್ದೇನೆ.

ರಾಮನವಮಿ ಕಚೇರಿಗಳ ಈ ಊರಿನಲ್ಲಿ ಮ್ಯಾಂಡೋಲಿನ್ ಅಂದರೆ ಕರ್ನಾಟಕ ಸಂಗೀತದ ಯು. ಶ್ರೀನಿವಾಸ್. ಅವರದು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯ. ಸ್ವರ ಜಾರುತ್ತದೆ, ಗಮಕ ಬರುತ್ತದೆ. ಬಕ್ ಹಿಡಿದದ್ದು ಎಂಟು ತಂತಿ, ನಾಲ್ಕು ಜೋಡಿ. ಮೀಟಿದರೆ ಚಿಲ್ ಚಿಲ್ ಎನ್ನುವ ನಾದ. ಹಾಡಿನ ಸ್ವರಗಳು ಮಾತ್ರ ನಮಗೆ ಗುರುತಿನವು, ನಮ್ಮ ನಠಭೈರವಿ ರಾಗದ ಏಳು ಸ್ವರಗಳೇ. ಹಾಡು ಆ ರಾಗದಲ್ಲೇ ಇದೆ ಅಂತ ಹೇಳುತ್ತಿಲ್ಲ. ಆದರೆ ನಮ್ಮ ಕಿವಿಗೆ ಇದು ಬೇಗ ಹತ್ತಲು ಅದೂ ಒಂದು ಕಾರಣ ಇರಬೇಕು.

ಪ್ರಶ್ನೆ: ಇದರ ವಿಡಿಯೊಗೂ ಭಾರತಕ್ಕೂ ಸಂಬಂಧ ಇದೆಯಂತೆ, ಹೌದಾ? ಹಾಡು ಎಷ್ಟು ದೊಡ್ಡ ಹಿಟ್?
– ಓದುಗರು, ಬನಶಂಕರಿ

ಉತ್ತರ: ಹೌದು. ನಿರ್ದೇಶಿಸಿದ್ದು ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ನಾನು ಮೊದಲು ನೋಡಿದ್ದು ನಮ್ಮ ಕಡೆ ಕೇಬಲ್ ಟಿವಿ ಬಂದ ಹೊಸದರಲ್ಲಿ, ಶ್ರೀರಾಮಪುರದ ಅಕ್ಕನ ಮನೆಯಲ್ಲಿ. ಕತ್ತಲ ಕೋಣೆ. ಕಿಟಕಿಯ ಹತ್ತಿರ ಹಾಲಿನ ಜಗ್ಗು. ಅದು ಬಿದ್ದು ಒಡೆಯುತ್ತದೆ. ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ‘ಅಯ್ಯೋ, ಹಾಲು!’ ಅಂದಳು. ಆಮೇಲೆ ಅಲ್ಲಾಡದೆ ಪೂರ್ತಿ ನೋಡಿದಳು. ಕ್ರೈಸ್ತ ಸಂತರು ಬರುತ್ತಾರೆ, ನಮ್ಮ ದೇವರುಗಳ ಹಾಗೆ ಸಿಂಗರಿಸಿಕೊಂಡವರೂ ಬರುತ್ತಾರೆ. ದಿನಸಿ ಅಂಗಡಿಯ ಕ್ಯಾಲೆಂಡರಿನ ಚಿತ್ರಗಳು ಜೀವ ಬಂದು ಕೂತ ಹಾಗಿತ್ತು. ಇಂಗ್ಲಿಷ್ ಹಾಡಿನಲ್ಲಿ ನಮ್ಮ ಬಣ್ಣ ನೋಡಿ ನನಗಾದ ಸಂತೋಷ ಇವತ್ತಿಗೂ ಹಸಿರಾಗಿದೆ.

ಹಾಡು ಬಂದದ್ದು 1991ರ ಫೆಬ್ರವರಿಯಲ್ಲಿ. ಮತ್ತೆ ಮತ್ತೆ ಬರುವ ಪಲ್ಲವಿ ಇಲ್ಲ, ಅಬ್ಬರದ ಗಿಟಾರ್ ಇಲ್ಲ, ನಾಲ್ಕು ನಿಮಿಷಕ್ಕೂ ಜಾಸ್ತಿ ಉದ್ದ. ಆದರೂ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. ಆ ಬ್ಯಾಂಡಿನ ಬೇರೆ ಯಾವ ಹಾಡೂ ಅಲ್ಲಿ ಅಷ್ಟು ಮೇಲೆ ಹೋಗಲಿಲ್ಲ. ವಿಡಿಯೊಗೆ ಆ ವರ್ಷ 6 ಎಂಟಿವಿ ಪ್ರಶಸ್ತಿ, ಮರುವರ್ಷ ಹಾಡಿಗೊಂದು, ವಿಡಿಯೊಗೊಂದು ಗ್ರ್ಯಾಮಿ. ಕಾಲೇಜು ರೇಡಿಯೊಗಳಲ್ಲಿ ಬೆಳೆದ ಬ್ಯಾಂಡ್ ಮನೆಮನೆಗೆ ಬಂತು. 1991ರ ಸೆಪ್ಟೆಂಬರಿನಲ್ಲೇ ‘ನಿರ್ವಾಣ’ ಎನ್ನುವ ಇನ್ನೊಂದು ರಾಕ್ ಬ್ಯಾಂಡಿನ ಆಲ್ಬಂ ಬಂದಾಗ, ಇಂಥ ಸಂಗೀತಕ್ಕೆ ಬಾಗಿಲು ಆಗಲೇ ಅರ್ಧ ತೆರೆದಿತ್ತು.

ಡ್ರಮ್ಸ್ ನುಡಿಸುತ್ತಿದ್ದ ಬಿಲ್ ಬೆರ್ರಿ 1997ರಲ್ಲಿ ಹೊರಟರು. 2011ರಲ್ಲಿ ಬ್ಯಾಂಡೇ ನಿಂತಿತು. ಆದರೆ 2024ರ ಜೂನ್‌ನಲ್ಲಿ, ನ್ಯೂಯಾರ್ಕಿನಲ್ಲಿ ಗೀತರಚನೆಕಾರರನ್ನು ಗೌರವಿಸುವ ಸಮಾರಂಭದಲ್ಲಿ, ಯಾರೂ ನಿರೀಕ್ಷಿಸದೆ ನಾಲ್ವರೂ ವೇದಿಕೆ ಹತ್ತಿದರು. ಬಕ್ ಕೈಯಲ್ಲಿ ಮತ್ತೆ ಮ್ಯಾಂಡೋಲಿನ್. ನುಡಿಸಿದ್ದು ಇದೇ ಹಾಡು.