ಅತ್ತೆಯವರ ಬಿಸ್ಕತ್ತು ಡಬ್ಬಿಯೊಳಗಿನ ಮುತ್ತಜ್ಜಿ

ಮದುವೆಯಾಗಿ ನಾಟಿಂಗ್‌ಹ್ಯಾಮ್‌ಗೆ ಬಂದು ನಾಲ್ಕು ತಿಂಗಳಾಯಿತೆಂದೂ ಗಂಡನ ಮನೆಯವರೊಡನೆ ಮಳೆ, ಚಳಿ, ಚಹಾಗಳ ಆಚೆಗೆ ಮಾತು ಬೆಳೆಯುತ್ತಿಲ್ಲವೆಂದೂ ಬರೆದಿದ್ದೀರಿ. ಈ ನಡುವೆ ನಿಮ್ಮ ಅತ್ತೆಯವರು ಹಳೆಯ ಬಿಸ್ಕತ್ತು ಡಬ್ಬಿಯೊಂದನ್ನು ತೆರೆದು, ಗಂಡಸರ ಕೋಟು ತೊಟ್ಟು ಬೆತ್ತ ಹಿಡಿದು ನಿಂತ ಹೆಂಗಸಿನ ಫೋಟೊ ತೋರಿಸಿ, ಈಕೆ ತಮ್ಮ ಮುತ್ತಜ್ಜಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮ್ಯೂಸಿಕ್ ಹಾಲ್‌ಗಳಲ್ಲಿ ಹಾಡುತ್ತಿದ್ದಳು, ಈಕೆಯ ವಿಚಾರ ಹುಡುಕಿಕೊಡುತ್ತೀಯಾ ಎಂದು ಕೇಳಿದರಂತೆ. ಹೊಸದಾಗಿ ಬಂದವಳು ಮನೆತನದ ಒಳವಿಚಾರಕ್ಕೆ ಕೈಹಾಕಬಹುದೇ, ಹಾಕಿದರೆ ಎಲ್ಲಿಂದ ಆರಂಭಿಸಬೇಕು ಎಂಬುದು ನಿಮ್ಮ ಪ್ರಶ್ನೆ.

ಧಾರಾಳವಾಗಿ ಕೈಹಾಕಿ. ಮೂವತ್ತೊಂದು ವರ್ಷಗಳ ಹಿಂದೆ ಲೀಡ್ಸ್‌ಗೆ ಬಂದ ನನ್ನೊಡನೆ ನಮ್ಮವರ ಕಡೆಯ ಹಿರಿಯರು ಮನಸ್ಸು ಬಿಚ್ಚಿ ಮಾತಾಡತೊಡಗಿದ್ದು ಇಂಥದೇ ಹುಡುಕಾಟ ಶುರುವಾದ ಮೇಲೆ. ಇಲ್ಲಿಯವರನ್ನು "ನಿಮ್ಮ ಮನೆಯಲ್ಲಿ ಏನು ಸಮಾಚಾರ" ಎಂದು ಕೇಳಿದರೆ ಮುದುಡಿಕೊಳ್ಳುತ್ತಾರೆ. ಒಂದು ಹಳೆಯ ಕಾಗದವನ್ನು ಮುಂದಿಟ್ಟು "ಇದು ಯಾರ ಕೈಬರಹ" ಎಂದು ಕೇಳಿದರೆ ಸಂಜೆಯವರೆಗೂ ಹೇಳುತ್ತಾರೆ.

ಮ್ಯೂಸಿಕ್ ಹಾಲ್ ಎಂದೊಡನೆ ನಮ್ಮ ಚೌಡಯ್ಯ ಸ್ಮಾರಕ ಭವನದಂಥದನ್ನು ಕಲ್ಪಿಸಿಕೊಳ್ಳಬೇಡಿ. ಇವು ಹೆಂಡದಂಗಡಿಗಳ ಹಿಂಬದಿಯ ಹಾಡುಕೋಣೆಗಳಿಂದ ಬೆಳೆದವು. 1843ರ ಕಾಯಿದೆಯ ಪ್ರಕಾರ ನಾಟಕ ಆಡುವಲ್ಲಿ ಪ್ರೇಕ್ಷಕರು ಕುಳಿತಲ್ಲೇ ಕುಡಿಯುವಂತಿರಲಿಲ್ಲ, ಕುಡಿಯುವಲ್ಲಿ ನಾಟಕ ಆಡುವಂತಿರಲಿಲ್ಲ; ಹೀಗಾಗಿ ಕುಡಿತದ ಜೊತೆಗೆ ಹಾಡು, ಹಾಸ್ಯ, ಕುಣಿತ, ಕಸರತ್ತುಗಳೇ ಒಂದು ಉದ್ಯಮವಾದವು. ಚಾರ್ಲ್ಸ್ ಮಾರ್ಟನ್ 1852ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕ್ಯಾಂಟರ್ಬರಿ ಹಾಲನ್ನು ತೆರೆದ ಮೇಲೆ ಇಂಥವು ಊರೂರಿನಲ್ಲೂ ಎದ್ದವು. 1865ರಲ್ಲಿ ಆರಂಭವಾದ ನಮ್ಮ ಲೀಡ್ಸಿನ ಸಿಟಿ ವೆರೈಟೀಸ್‌ನಲ್ಲಿ ಇಂದಿಗೂ ಪ್ರದರ್ಶನಗಳು ನಡೆಯುತ್ತವೆ. ಅತ್ತೆಯವರನ್ನು ಒಂದು ದಿನ ಅಲ್ಲಿಗೆ ಕರೆತನ್ನಿ.

ನಿಮ್ಮ ಹುಡುಕಾಟಕ್ಕೆ ಮೊದಲ ಅಡ್ಡಿ ಹೆಸರೇ. ಡಬ್ಬಿಯ ಫೋಟೊದ ಕೆಳಗೆ ಅಚ್ಚಾಗಿರುವ ಹೆಸರನ್ನು ಜನನ ನೋಂದಣಿಯಲ್ಲಿ ಹುಡುಕಿದರೆ ಸಿಗುವ ಸಂಭವ ಬಹಳ ಕಡಿಮೆ. ಆ ಕಾಲದ ಅತಿ ದೊಡ್ಡ ಹೆಸರುಗಳಲ್ಲೊಂದಾದ ಮೇರಿ ಲಾಯ್ಡ್ 1870ರಲ್ಲಿ ಹಾಕ್ಸ್‌ಟನ್‌ನಲ್ಲಿ ಮಟಿಲ್ಡಾ ವುಡ್ ಆಗಿ ಹುಟ್ಟಿದವಳು. ವೇದಿಕೆ ಹತ್ತಿದ ಹೊಸತರಲ್ಲಿ ಇನ್ನೊಂದೇ ಹೆಸರಿನಲ್ಲಿ ಹಾಡಿದಳು. ಮೂರು ಬಾರಿ ಮದುವೆಯಾದ್ದರಿಂದ ಕಾಗದಪತ್ರಗಳಲ್ಲಿ ಮತ್ತೂ ಮೂರು ಮನೆತನದ ಹೆಸರುಗಳು ಸೇರಿದವು. ಆ ಕಾಲದ ಹೆಸರಾಂತ ಹಾಸ್ಯಗಾರ ಡ್ಯಾನ್ ಲೆನೋನ ಕಥೆ ಇನ್ನೂ ಗೋಜಲು. ಆತ 1860ರಲ್ಲಿ ಜಾರ್ಜ್ ಗ್ಯಾಲ್ವಿನ್ ಆಗಿ ಹುಟ್ಟಿದ. ತಂದೆತಾಯಿ ವೇದಿಕೆಯಲ್ಲಿ ವೈಲ್ಡ್ ಎನಿಸಿಕೊಂಡಿದ್ದರು. ತಂದೆ ತೀರಿಕೊಂಡ ಮೇಲೆ ತಾಯಿ ಗ್ರಾಂಟ್ ಎಂಬವನನ್ನು ಮದುವೆಯಾದಳು. ಆ ಗ್ರಾಂಟ್ ವೇದಿಕೆಯಲ್ಲಿ ಇಟ್ಟುಕೊಂಡಿದ್ದ ಹೆಸರು ಲೆನೋ. ಜಗತ್ತು ಕೊಂಡಾಡಿದ ಹೆಸರು ಹುಡುಗನಿಗೆ ಬಂದದ್ದು ಹೆತ್ತ ತಂದೆಯಿಂದಲ್ಲ, ಮಲತಂದೆಯ ರಂಗನಾಮದಿಂದ. "ಸಿಸ್ಟರ್ಸ್" ಎಂದು ಹಾಕಿಕೊಂಡ ಜೋಡಿಗಳಲ್ಲಿ ಎಷ್ಟೋ ಮಂದಿ ಒಡಹುಟ್ಟಿದವರೇ ಅಲ್ಲ. ಆದ್ದರಿಂದ ಹೆಸರಿನ ಹಿಂದೆ ಓಡಬೇಡಿ. ಊರು ಮತ್ತು ವಾರದ ಹಿಂದೆ ಹೋಗಿ. ಕಲಾವಿದರು ಹೆಸರು ಬದಲಿಸಿದರೂ ಇಂಥ ವಾರ ಇಂಥ ಊರಿನಲ್ಲಿದ್ದರು ಎಂಬುದು ಎಲ್ಲಾದರೂ ದಾಖಲಾಗಿಯೇ ಇರುತ್ತದೆ.

ಊರು ಗೊತ್ತಾಗುವುದು ಜನಗಣತಿಯಿಂದ. ನಮ್ಮಲ್ಲಿ ಹೆಳವರು ಎತ್ತಿನೊಡನೆ ಬಂದು ಮನೆತನದ ತಲೆಮಾರುಗಳನ್ನು ಹೇಳಿ ಕಾಳುಕಡಿ ಪಡೆದು ಹೋಗುತ್ತಿದ್ದರಲ್ಲ, ಇಲ್ಲಿ ಆ ಕೆಲಸವನ್ನು ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಗಣತಿದಾರ ಮಾಡಿಟ್ಟಿದ್ದಾನೆ. ಯಾರು ಎಲ್ಲಿ ತಂಗಿದ್ದಾರೆಂದು ಬರೆದುಕೊಳ್ಳುವ ಗಣತಿಯ ರಾತ್ರಿ ಯಾವಾಗಲೂ ಭಾನುವಾರ, ಮತ್ತು ಭಾನುವಾರವೇ ಈ ಕಲಾವಿದರು ಒಂದೂರಿನ ಮೊಕ್ಕಾಂ ಮುಗಿಸಿ ರೈಲಿನಲ್ಲಿ ಇನ್ನೊಂದೂರಿಗೆ ಹೋಗುತ್ತಿದ್ದ ದಿನ. ಹಾಗಾಗಿ ಅವರು ಸ್ವಂತ ಮನೆಯಲ್ಲಿ ಸಿಗುವುದಕ್ಕಿಂತ ಬಾಡಿಗೆ ಕೋಣೆಯಲ್ಲಿ ಸಿಗುವುದೇ ಹೆಚ್ಚು. ನಮ್ಮವರ ಮುತ್ತಜ್ಜನ ಸಂಸಾರ ನನಗೆ ಸಿಕ್ಕಿದ್ದು 1891ರ ಏಪ್ರಿಲ್ 5ರ ಗಣತಿಯಲ್ಲಿ, ಶೆಫೀಲ್ಡ್‌ನ ಒಂದು ವಸತಿಮನೆಯಲ್ಲಿ. ಮೊದಲ ಸಾಲಿನಲ್ಲಿ ಮನೆಯೊಡತಿ, ವಿಧವೆ. ಅವಳ ಕೆಳಗೆ ನಾಯಿಗಳ ಆಟ ಆಡಿಸುವವನೊಬ್ಬ. ಅವನ ಕೆಳಗೆ ನಮ್ಮ ಮುತ್ತಜ್ಜ, ಹಾಸ್ಯಗಾಯಕ. ಮುತ್ತಜ್ಜಿಯ ಉದ್ಯೋಗದ ಅಂಕಣ ಖಾಲಿ, ಅವಳೂ ಗಂಡನೊಡನೆ ಹಾಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಮೂವರು ಮಕ್ಕಳು ಹುಟ್ಟಿದ ಊರುಗಳು ಹಲ್, ಬೆಲ್‌ಫಾಸ್ಟ್, ವುಲ್ವರ್‌ಹ್ಯಾಂಪ್ಟನ್. ಆ ಮೂರು ಪದಗಳನ್ನು ನೋಡುತ್ತ ನಾನು ಬಹಳ ಹೊತ್ತು ಕುಳಿತಿದ್ದೆ. ಬಸುರಿ ಹೆಂಗಸು ಮೂರು ಸಲ ಪರವೂರಿನ ಬಾಡಿಗೆ ಕೋಣೆಯಲ್ಲಿ ಹೆತ್ತಿದ್ದಾಳೆ, ತವರಿಲ್ಲ, ಬಾಣಂತನವಿಲ್ಲ.

ಮಕ್ಕಳ ಜನನ ಪ್ರಮಾಣಪತ್ರ ತರಿಸಿದರೆ ದಿನಾಂಕ ಸಿಗುತ್ತದೆ. ಊರೂ ದಿನಾಂಕವೂ ಕೈಗೆ ಬಂದ ಮೇಲೆ 'ದಿ ಎರಾ' ಎಂಬ ವಾರಪತ್ರಿಕೆಗೆ ಹೋಗಬೇಕು. 1838ರಿಂದ 1939ರವರೆಗೆ ಪ್ರಕಟವಾದ ಇದು ರಂಗದವರ ಪಂಚಾಂಗವಿದ್ದಂತೆ: ಯಾವ ಊರಿನ ಯಾವ ಹಾಲ್‌ನಲ್ಲಿ ಈ ವಾರ ಯಾರು ಯಾರು, ಯಾರಿಗೆ ಚಪ್ಪಾಳೆ ಬಿತ್ತು, ಯಾರು ಕೆಲಸ ಹುಡುಕುತ್ತಿದ್ದಾರೆ ಎಂಬುದೆಲ್ಲ ಸಣ್ಣ ಅಕ್ಷರಗಳಲ್ಲಿ ಸಿಗುತ್ತದೆ. 1880ರಲ್ಲಿ ಆರಂಭವಾದ 'ದಿ ಸ್ಟೇಜ್' ಕೂಡ ನೆರವಿಗೆ ಬರುತ್ತದೆ. ಮಗು ಹುಟ್ಟಿದ ವಾರದಲ್ಲಿ ಹಲ್‌ನ ಹಾಲ್‌ಗಳಲ್ಲಿ ಹಾಡಿದ ಜೋಡಿಗಳ ಹೆಸರು ಬರೆದುಕೊಂಡೆ. ವುಲ್ವರ್‌ಹ್ಯಾಂಪ್ಟನ್‌ನ ವಾರಕ್ಕೂ ಹಾಗೆಯೇ ಮಾಡಿದೆ. ಎರಡು ಪಟ್ಟಿಗಳಲ್ಲೂ ಇದ್ದದ್ದು ಒಂದೇ ಜೋಡಿ. ಮನೆಯಲ್ಲಿ ಯಾರಿಗೂ ಗೊತ್ತಿರದ ರಂಗನಾಮ ಹೀಗೆ ಸಿಕ್ಕಿತು. ನಿಮ್ಮಲ್ಲಿ ರಂಗನಾಮವಿದೆ, ಮೂಲ ಹೆಸರಿಲ್ಲ. ದಾರಿ ಅದೇ, ನಡೆಯುವುದು ಹಿಮ್ಮುಖವಾಗಿ. ಲಂಡನ್ನಿನಲ್ಲಾದರೆ ಒಂದೇ ಹೆಸರು ಒಂದೇ ವಾರ ಮೂರು ಹಾಲ್‌ಗಳಲ್ಲಿ ಕಂಡೀತು. ಗಾಬರಿಯಾಗಬೇಡಿ, ಒಂದೇ ರಾತ್ರಿ ಗಾಡಿಯಲ್ಲಿ ಹಾಲ್‌ನಿಂದ ಹಾಲ್‌ಗೆ ಓಡಿ ಹಾಡುವುದು ಅಲ್ಲಿ ವಾಡಿಕೆಯಾಗಿತ್ತು.

ನಾನು ಎಡವಿದ್ದನ್ನೂ ಹೇಳಬೇಕು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಮಗುವನ್ನು ಇಂಗ್ಲೆಂಡಿನ ನೋಂದಣಿಯಲ್ಲಿ ಹುಡುಕಿ, ಅದೇ ಹೆಸರಿನ ಬೇರೊಂದು ಮಗುವಿನ ಪ್ರಮಾಣಪತ್ರ ತರಿಸಿ, ಸಂಬಂಧವೇ ಇಲ್ಲದ ಕಟುಕನೊಬ್ಬನ ವಂಶವನ್ನು ಎಂಟು ತಿಂಗಳು ಬೆನ್ನುಹತ್ತಿದ್ದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ನೋಂದಣಿ 1837ರಿಂದ, ಸ್ಕಾಟ್‌ಲೆಂಡ್‌ನದು 1855ರಿಂದ, ಐರ್ಲೆಂಡ್‌ನಲ್ಲಿ ಎಲ್ಲರ ಜನನ ನೋಂದಣಿ 1864ರಿಂದ ಆರಂಭವಾದದ್ದು. ಮೂರೂ ಬೇರೆ ಬೇರೆ.

ಹಣ ಕಟ್ಟುವ ಮೊದಲು ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿ. ವಂಶಾವಳಿಯ ಮತ್ತು ಹಳೆಯ ಪತ್ರಿಕೆಗಳ ಜಾಲತಾಣಗಳನ್ನು ಅನೇಕ ಗ್ರಂಥಾಲಯಗಳಲ್ಲಿ ಉಚಿತವಾಗಿ ನೋಡಬಹುದು. ದಾಖಲೆಗಳ ಕಚೇರಿಗೆ ಹೋಗುವುದಾದರೆ ಸೀಸದಕಡ್ಡಿ ಒಯ್ಯಿರಿ, ಅಲ್ಲಿ ಪೆನ್ನು ನಿಷಿದ್ಧ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಗಣತಿಯನ್ನು ಕೇಳಬೇಡಿ, ಅದು 1942ರಲ್ಲಿ ಸುಟ್ಟುಹೋಯಿತು.

ಮುತ್ತಜ್ಜಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದ್ದಳೆಂದು ಅತ್ತೆಯವರು ಹೇಳಿದರೆ ತಲೆದೂಗಿ, ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಮ್ಯೂಸಿಕ್ ಹಾಲ್ ಕಲಾವಿದರಿಗಾಗಿ ರಾಜಮನೆತನದ ಅಧಿಕೃತ ಪ್ರದರ್ಶನ ಮೊದಲ ಸಲ ಏರ್ಪಟ್ಟದ್ದು 1912ರ ಜುಲೈ 1ರಂದು, ರಾಣಿ ತೀರಿಕೊಂಡು ಹನ್ನೊಂದು ವರ್ಷಗಳ ಮೇಲೆ. ಮೇರಿ ಲಾಯ್ಡ್‌ಳಿಗೇ ಅದರಲ್ಲಿ ಜಾಗ ಸಿಗಲಿಲ್ಲ. ಇನ್ನೊಂದು ಸೂಕ್ಷ್ಮ: ನಾಟಕ ಕಂಪನಿಗೆ ಸೇರಿದ ಹೆಂಗಸರ ಬಗ್ಗೆ ನಮ್ಮ ಅಜ್ಜಿಯರು ದನಿ ತಗ್ಗಿಸುತ್ತಿದ್ದಂತೆಯೇ ಇಲ್ಲಿಯವರೂ ಹಾಲ್‌ನಲ್ಲಿ ಹಾಡಿದವಳ ಬಗ್ಗೆ ದನಿ ತಗ್ಗಿಸಿದ್ದರು. ಮದುವೆಯ ದಿನಾಂಕಕ್ಕೂ ಮೊದಲ ಮಗುವಿನ ದಿನಾಂಕಕ್ಕೂ ತಾಳೆಯಾಗದಿದ್ದರೆ ಊಟದ ಮೇಜಿನಲ್ಲಿ ಎಲ್ಲರ ಮುಂದೆ ಹೇಳಬೇಡಿ. ಅತ್ತೆಯವರೊಬ್ಬರಿಗೇ ಕಾಗದ ಕೊಟ್ಟು ಸುಮ್ಮನಿರಿ.

ಸದ್ಯಕ್ಕೆ ಆ ಫೋಟೊವನ್ನು ಮಗುಚಿ ನೋಡಿ. ಆ ಕಾಲದ ಸ್ಟುಡಿಯೋದವರು ಹಿಂಬದಿಯ ದಪ್ಪ ರಟ್ಟಿನ ಮೇಲೆ ತಮ್ಮ ಹೆಸರನ್ನೂ ಬೀದಿ ಮತ್ತು ಊರನ್ನೂ ಅಚ್ಚು ಹಾಕಿಸುತ್ತಿದ್ದರು. ಅಲ್ಲಿ ಯಾವ ಊರಿದೆಯೆಂದು ನನಗೆ ಬರೆಯಿರಿ. ಆ ಊರಿನ ಹಾಲ್‌ಗಳ ಸುದ್ದಿಯನ್ನು 'ಎರಾ'ದಲ್ಲಿ ನಾನೂ ಈ ಕಡೆಯಿಂದ ಹುಡುಕುತ್ತೇನೆ.